ಫ್ರಾಂಕ್ ಹಾರ್ನ್‌ಬಿ

ಫ್ರಾಂಕ್ ಹಾರ್ನ್‌ಬಿ (ಮೇ ೧೫, ೧೮೬೩ – ಸೆಪ್ಟೆಂಬರ್ ೨೧, ೧೯೩೬) ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆಟಿಕೆ ತಯಾರಕರು, ಉದ್ಯಮಿ. ಮೆಕಾನೊ ಜೋಡಣೆ ಆಟಿಕೆ, ಹಾರ್ನ್‌ಬಿ ಮಾದರಿ ರೈಲು ಮತ್ತು ಡಿಂಕಿ ಪುಟ್ಟ ಕಾರುಗಳು ಇವರ ಸಂಸ್ಥೆಯ ಕೊಡುಗೆಗಳು. ಮಾದರಿ ರೈಲು ಎಂಜಿನ್‌ಗಳ ಮೇಲೆ ಇಂದಿಗೂ ಇವರ ಹೆಸರಿದೆ. ಆದರೆ ಆ ಎಂಜಿನ್‌ಗಳ ವಂಶಮೂಲ ಇವರ ಕಾರ್ಖಾನೆಯಲ್ಲ, ಪ್ರತಿಸ್ಪರ್ಧಿಯ ಕಾರ್ಖಾನೆ.

ಆರಂಭಿಕ ಜೀವನ

ತಂದೆ ಜಾನ್ ಓಸ್ವಾಲ್ಡ್ ಹಾರ್ನ್‌ಬಿ ಆಹಾರ ಸಾಮಗ್ರಿಗಳ ವ್ಯಾಪಾರಿ. ತಾಯಿ ಮಾರ್ಥಾ. ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟ ಫ್ರಾಂಕ್ ತಂದೆಯ ಬಳಿ ಕ್ಯಾಷಿಯರ್ ಆದರು. ೧೮೮೭ರಲ್ಲಿ ಶಾಲಾ ಶಿಕ್ಷಕಿ ಕ್ಲಾರಾ ಅವರನ್ನು ವಿವಾಹವಾದರು. ೧೮೯೯ರಲ್ಲಿ ತಂದೆ ತೀರಿಕೊಂಡು ವ್ಯಾಪಾರ ನಿಂತಾಗ, ಮಾಂಸ ಆಮದು ಮಾಡುತ್ತಿದ್ದ ಡೇವಿಡ್ ಹ್ಯೂ ಎಲಿಯಟ್ ಅವರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಎಂಜಿನಿಯರಿಂಗ್ ಶಿಕ್ಷಣ ಅವರಿಗೆ ದೊರೆತಿರಲಿಲ್ಲ.

ಮೆಕಾನೊ

ತಮ್ಮ ಗಂಡುಮಕ್ಕಳಿಗಾಗಿ ಹಾರ್ನ್‌ಬಿ ಮನೆಯಲ್ಲೇ ತಗಡು ಕತ್ತರಿಸಿ ಸೇತುವೆ, ಕ್ರೇನ್ ಮುಂತಾದ ಆಟಿಕೆಗಳನ್ನು ಮಾಡುತ್ತಿದ್ದರು. ಪ್ರತಿ ಆಟಿಕೆಗೂ ಹೊಸ ಬಿಡಿಭಾಗ ಮಾಡುವ ಬದಲು, ಅರ್ಧ ಅಂಗುಲಕ್ಕೊಂದರಂತೆ ರಂಧ್ರವಿರುವ ಪಟ್ಟಿಗಳನ್ನು ನಟ್ಟು ಬೋಲ್ಟುಗಳಿಂದ ಕೂಡಿಸಿದರೆ ಅವೇ ಭಾಗಗಳಿಂದ ಇಂದು ಸೇತುವೆಯನ್ನೂ ನಾಳೆ ಕ್ರೇನನ್ನೂ ಕಟ್ಟಬಹುದು ಎಂಬುದು ಅವರಿಗೆ ಹೊಳೆಯಿತು. ಎಲಿಯಟ್ ಅವರಿಂದ ಐದು ಪೌಂಡ್ ಸಾಲ ಪಡೆದು ೧೯೦೧ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಎಲಿಯಟ್ ಪಾಲುದಾರರಾಗಿ ತಮ್ಮ ಕಚೇರಿಯ ಪಕ್ಕದಲ್ಲೇ ಸ್ಥಳವನ್ನೂ ಒದಗಿಸಿದರು. ಲಿವರ್‌ಪೂಲಿನ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೀಲಿ-ಷಾ ಅವರ ಪ್ರೋತ್ಸಾಹ ಲಭಿಸಿದ್ದು ಮಾರಾಟಕ್ಕೆ ನೆರವಾಯಿತು.

೧೯೦೭ರಲ್ಲಿ ಮೆಕಾನೊ ಎಂಬ ಹೆಸರು ನೋಂದಣಿಯಾಯಿತು. ೧೯೦೮ರಲ್ಲಿ ಮೆಕಾನೊ ಲಿಮಿಟೆಡ್ ಸ್ಥಾಪನೆಯಾದಾಗ ಎಲಿಯಟ್ ಹೊಸ ಸಂಸ್ಥೆಗೆ ಸೇರದೆ ಹಿಂದೆ ಸರಿದರು. ಬಂಡವಾಳವಿಲ್ಲದ ಗುಮಾಸ್ತನನ್ನು ನಂಬಿದ ಈ ವ್ಯಕ್ತಿಗೆ ಆಟಿಕೆಗಳ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂದೇ ಹೇಳಬೇಕು. ೧೯೧೪ರಲ್ಲಿ ಬಿನ್ಸ್ ರೋಡ್ ಕಾರ್ಖಾನೆ ಆರಂಭವಾಯಿತು.

ಮಾದರಿ ರೈಲುಗಳು

ಮೊದಲ ಮಹಾಯುದ್ಧಕ್ಕೆ ಮುನ್ನ ಬ್ರಿಟನ್ನಿನ ಆಟಿಕೆ ರೈಲುಗಳಲ್ಲಿ ಜರ್ಮನಿಯ ಬಿಂಗ್, ಮಾರ್ಕ್ಲಿನ್ ಮುಂತಾದ ತಯಾರಕರದೇ ಮೇಲುಗೈ. ಯುದ್ಧಾನಂತರ ಜರ್ಮನ್ ವಸ್ತುಗಳ ಮೇಲಿದ್ದ ಅಸಮಾಧಾನವು ಸ್ವದೇಶಿ ತಯಾರಕರಿಗೆ ಅವಕಾಶವಾಯಿತು. ೧೯೨೦ರಲ್ಲಿ ಹಾರ್ನ್‌ಬಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಹೊರತಂದರು. ಮೊದಲ ಎಂಜಿನ್‌ಗಳನ್ನು ಮೆಕಾನೊ ಮಾದರಿಯಲ್ಲೇ ನಟ್ಟು ಬೋಲ್ಟುಗಳಿಂದ ಜೋಡಿಸಲಾಗಿತ್ತು. ಮಕ್ಕಳು ಅವನ್ನು ಬಿಚ್ಚಿ ಮರಳಿ ಕಟ್ಟಬಹುದಿತ್ತು. ೧೯೨೫ರ ವಿದ್ಯುತ್ ರೈಲು ಮನೆಯ ವಿದ್ಯುತ್ ಸಂಪರ್ಕದಿಂದಲೇ ಓಡುತ್ತಿತ್ತು. ಈಗ ಯೋಚಿಸಿದರೆ ಎದೆ ಝಲ್ಲೆನ್ನುವ ಏರ್ಪಾಡು. ಬಳಿಕ ಕಡಿಮೆ ವೋಲ್ಟೇಜಿನ ವ್ಯವಸ್ಥೆ ಬಂತು.

ಈ ರೈಲುಗಳ ಹಳಿಗಳ ಅಂತರ ಸುಮಾರು ೩೨ ಮಿ.ಮೀ. ನಿಜವಾದ ರೈಲಿನಲ್ಲಿ ಈ ಅಂತರವನ್ನು ಗೇಜ್ ಎನ್ನುತ್ತಾರೆ. ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರಗಳ ಮೂಲಕ ಬಂಗಾರಪೇಟೆಗೆ ಹೋಗುತ್ತಿದ್ದ ನ್ಯಾರೋಗೇಜ್ ಹಳಿಯ ಅಂತರ ೭೬೨ ಮಿ.ಮೀ., ಅದನ್ನು ಪರಿವರ್ತಿಸಿದ ಬ್ರಾಡ್‌ಗೇಜಿನದು ೧೬೭೬ ಮಿ.ಮೀ. ಎಂಬುದನ್ನು ನೆನೆದರೆ ಆಟಿಕೆಯ ಕಿರಿದಾದ ಅಳತೆ ಅರಿವಾಗುತ್ತದೆ. ಕೇವಲ ೧೬.೫ ಮಿ.ಮೀ. ಅಂತರದ ಹಾರ್ನ್‌ಬಿ ಡಬ್ಲೋ ರೈಲುಗಳು ಮಾರುಕಟ್ಟೆಗೆ ಬಂದದ್ದು ೧೯೩೮ರಲ್ಲಿ. ಹಾರ್ನ್‌ಬಿ ಅವುಗಳನ್ನು ನೋಡಲಿಲ್ಲ. ೧೯೩೧ರಿಂದ ೧೯೩೫ರವರೆಗೆ ಎವರ್ಟನ್ ಕ್ಷೇತ್ರದ ಕನ್ಸರ್ವೇಟಿವ್ ಸಂಸದರಾಗಿದ್ದ ಅವರು ಮರುವರ್ಷ ನಿಧನರಾದರು. ಸಮಾಧಿ ಲಿವರ್‌ಪೂಲ್ ಸಮೀಪದ ಮಾಗಲ್‌ನಲ್ಲಿದೆ. ಮಗ ರೋಲೆಂಡ್ ಸಂಸ್ಥೆಯ ಅಧ್ಯಕ್ಷರಾದರು.

ನಂತರದ ಒಡೆತನ

ಎರಡನೆಯ ಮಹಾಯುದ್ಧದ ತರುವಾಯ ಮಾರ್ಗೇಟ್‌ನಲ್ಲಿ ತಯಾರಾಗುತ್ತಿದ್ದ, ಪ್ಲಾಸ್ಟಿಕ್ ಕವಚದ, ಅಗ್ಗದ ಟ್ರೈ-ಆಂಗ್ ರೈಲುಗಳು ಜನಪ್ರಿಯವಾದವು. ಅವು ಮೊದಲಿನಿಂದಲೂ ಎರಡು ಹಳಿಯವು. ಡಬ್ಲೋ ಮಾತ್ರ ೧೯೫೯ರವರೆಗೂ ವಿದ್ಯುತ್ತಿಗಾಗಿ ನಡುವೆ ಮೂರನೆಯ ಹಳಿಯನ್ನು ಉಳಿಸಿಕೊಂಡಿತ್ತು. ಲೋಹದ ಎಂಜಿನ್ ಗಟ್ಟಿಮುಟ್ಟಾಗಿತ್ತು, ನಿಜ, ಬೆಲೆಯೂ ಹೆಚ್ಚು. ನಷ್ಟಕ್ಕೊಳಗಾದ ಮೆಕಾನೊ ಸಂಸ್ಥೆಯನ್ನು ೧೯೬೪ರಲ್ಲಿ ಟ್ರೈ-ಆಂಗ್‌ನ ಒಡೆಯರಾದ ಲೈನ್ಸ್ ಬ್ರದರ್ಸ್ ಕೊಂಡುಕೊಂಡರು. ರೈಲುಗಳಿಗೆ ಟ್ರೈ-ಆಂಗ್ ಹಾರ್ನ್‌ಬಿ ಎಂಬ ಜೋಡಿ ಹೆಸರು ಬಂದರೂ ತಯಾರಾಗುತ್ತಿದ್ದುದು ಬಹುಮಟ್ಟಿಗೆ ಟ್ರೈ-ಆಂಗ್ ಮಾದರಿಗಳೇ. ಡಬ್ಲೋದ ಅನೇಕ ಅಚ್ಚುಗಳು ರೆನ್ ಎಂಬ ಇನ್ನೊಂದು ಸಂಸ್ಥೆಯ ಪಾಲಾದವು. ಹೀಗೆ ಹೆಸರು ಒಂದೆಡೆ, ಅಚ್ಚು ಇನ್ನೊಂದೆಡೆ ಆಯಿತು.

೧೯೭೧ರಲ್ಲಿ ಲೈನ್ಸ್ ಬ್ರದರ್ಸ್ ಸಮೂಹವೇ ಕುಸಿಯಿತು. ರೈಲು ವಿಭಾಗ ಡನ್‌ಬೀ-ಕೊಂಬೆಕ್ಸ್-ಮಾರ್ಕ್ಸ್ ಸಂಸ್ಥೆಗೆ ಸೇರಿ, ೧೯೭೨ರಿಂದ ಹಾರ್ನ್‌ಬಿ ರೈಲ್ವೇಸ್ ಎನಿಸಿಕೊಂಡಿತು. ಮೆಕಾನೊ ಏರ್‌ಫಿಕ್ಸ್ ಕೈಸೇರಿತು. ೧೯೭೯ರಲ್ಲಿ ಏರ್‌ಫಿಕ್ಸ್ ಬಿನ್ಸ್ ರೋಡ್ ಕಾರ್ಖಾನೆಯನ್ನು ಮುಚ್ಚಿದಾಗ, ಹಾರ್ನ್‌ಬಿ ಕಟ್ಟಿದ ಕೆಲಸದ ಮನೆ ಇಲ್ಲವಾಯಿತು. ೧೯೮೦ರಲ್ಲಿ ಡನ್‌ಬೀ-ಕೊಂಬೆಕ್ಸ್-ಮಾರ್ಕ್ಸ್ ಕೂಡ ಮುಳುಗಿದಾಗ ರೈಲು ವಿಭಾಗ ಪ್ರತ್ಯೇಕ ಸಂಸ್ಥೆಯಾಗಿ ಉಳಿದುಕೊಂಡಿತು. ೧೯೯೦ರ ದಶಕದಲ್ಲಿ ತಯಾರಿಕೆ ಮಾರ್ಗೇಟ್‌ನಿಂದ ಚೀನಾಕ್ಕೆ ಹೋಯಿತು. ಮುಂದೆ ಇಟಲಿಯ ರಿವಾರೊಸ್ಸಿ, ಲೀಮಾ, ಫ್ರಾನ್ಸಿನ ಜುಎಫ್ ಮುಂತಾದ ರೈಲು ಮಾದರಿಗಳ ಹೆಸರುಗಳನ್ನು ಹಾರ್ನ್‌ಬಿ ಸಂಸ್ಥೆಯೇ ಕೊಂಡುಕೊಂಡಿತು. ೨೦೦೬ರಲ್ಲಿ ಏರ್‌ಫಿಕ್ಸ್ ಹೆಸರೂ ಅದರ ವಶವಾಯಿತು. ಮೆಕಾನೊ ಮಾತ್ರ ಮರಳಲಿಲ್ಲ. ಹಲವು ಕೈ ದಾಟಿ ೨೦೧೩ರಲ್ಲಿ ಅದು ಕೆನಡಾದ ಸ್ಪಿನ್ ಮಾಸ್ಟರ್ ಸಂಸ್ಥೆಯ ಸ್ವತ್ತಾಯಿತು.