ಗುಬ್ಬಿ ಕಂಪನಿಗೆ ಓಡಿಬಂದ ಹುಡುಗ

ಹತ್ತನೇ ತರಗತಿಯಲ್ಲಿದ್ದಾಗ ನಾನು ಮನೆ ಬಿಟ್ಟು ಓಡಿದ್ದೆ. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಅಂಕ ಅಪ್ಪನ ಕೈಗೆ ಸಿಕ್ಕಿದ್ದೇ ಕಾರಣ. ಗುಬ್ಬಿ ಸ್ಟೇಷನ್ನಿನಲ್ಲಿ ರೈಲು ಹತ್ತಿದವನು ಅರಸೀಕೆರೆಯಲ್ಲಿ ಇಳಿದೆ. ಮುಂದೆ ಎಲ್ಲಿಗೆ ಅಂತ ಗೊತ್ತಿರಲಿಲ್ಲ. ಟೀ ಮಾರುವವರೊಬ್ಬರು ಊಟ ಆಯ್ತಾ ಎಂದು ಕೇಳಿ, ಇಡ್ಲಿ ತಿನ್ನಿಸಿ, ಆಮೇಲಷ್ಟೇ ಅಪ್ಪನ ನಂಬರ್ ಕೇಳಿದರು.

ಆ ದಿನಗಳಲ್ಲೇ ನಮ್ಮ ಮೇಷ್ಟ್ರೊಬ್ಬರು ಬಿ.ವಿ. ಕಾರಂತರ ಕಥೆ ಹೇಳಿದರು. ನನಗಾಗಿಯೇ ಹೇಳಿದರೋ ಏನೋ!

ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ರಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ. ಮೂರನೇ ತರಗತಿಯಲ್ಲಿ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಪಾತ್ರ ಮಾಡಿದ್ದೇ ಹುಚ್ಚು ಹಿಡಿಸಿತು. ಹದಿಹರೆಯದಲ್ಲಿ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಕಂಪನಿ ಊರೂರು ಸುತ್ತುತ್ತಿತ್ತು, ಆದರೆ ಹೆಸರು ನಮ್ಮೂರಿನದೇ.

ಈ ಕಥೆಯಲ್ಲಿ ನನಗೆ ಕಾರಂತರಿಗಿಂತ ವೀರಣ್ಣನವರೇ ಹೆಚ್ಚು ಕಾಡುತ್ತಾರೆ. ಅವರೂ ಬಾಲ್ಯದಲ್ಲೇ ಕಂಪನಿ ಸೇರಿ ಬೆಳೆದವರು. ಓಡಿಬಂದ ಹುಡುಗನನ್ನು ಅವರು ಗದರಿ ಅಟ್ಟಲಿಲ್ಲ. ಹಾಗಂತ ದುಡಿಸಿಕೊಂಡು ಸುಮ್ಮನೆ ಇಟ್ಟುಕೊಳ್ಳಲೂ ಇಲ್ಲ. ಹಾಡಬಲ್ಲ, ನಟಿಸಬಲ್ಲ ಹುಡುಗ ಕಂಪನಿಗೆ ಲಾಭವೇ ಅಲ್ಲವೇ? ಆದರೂ ಎಂ.ಎ. ಓದಲು ಕಾಶಿಗೆ ಕಳುಹಿಸಿದರು. ಅಲ್ಲಿ ಓದಿನ ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವೂ ಆಯಿತು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, 1977ರಲ್ಲಿ ಅದಕ್ಕೇ ನಿರ್ದೇಶಕರಾದರು! ನಡುವೆ 'ಚೋಮನ ದುಡಿ'ಗೆ ಸ್ವರ್ಣಕಮಲ. ಆಮೇಲೆ ಭೋಪಾಲ್, 1989ರಲ್ಲಿ ಮೈಸೂರಿನ ರಂಗಾಯಣ. 2002ರಲ್ಲಿ ತೀರಿಕೊಂಡರು.

ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥೆಯ ಹೆಸರು 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಮನೆ ಬಿಟ್ಟವನ ಸ್ಥಿತಿ ಅದೇ. ಅರಸೀಕೆರೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದ ನನಗೆ ಗೊತ್ತು.

ಓಡಿದವರೆಲ್ಲ ಕಾರಂತರಾಗುತ್ತಾರೆಂದು ಯಾರೂ ರೈಲು ಹತ್ತಬೇಡಿ. ಅವರ ಮುಂದೆ ಒಂದು ಕಂಪನಿ ಇತ್ತು, ಅಲ್ಲಿ ಊಟ, ಕೆಲಸ, ಕಣ್ಣಿಡುವ ಹಿರಿಯರಿದ್ದರು. ಈಗ ಮೆಜೆಸ್ಟಿಕ್‌ನಲ್ಲಿ ಇಳಿಯುವ ಹುಡುಗನಿಗೆ ಮೊದಲು ಎದುರಾಗುವವರು ಯಾರೋ ಹೇಳಲಾಗದು. 1098 ಎಂಬ ಮಕ್ಕಳ ಸಹಾಯವಾಣಿ ಇದೆ ಎಂಬುದೂ ನನಗೆ ಆಗ ತಿಳಿದಿರಲಿಲ್ಲ.

ಅಂದು ರಾತ್ರಿ ಅಪ್ಪ ಅರಸೀಕೆರೆಗೆ ಬಂದಾಗ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಟೀಯವರ ಇಡ್ಲಿ ದುಡ್ಡು ಕೊಡಲು ಹೋದರು, ಅವರು ತೆಗೆದುಕೊಳ್ಳಲಿಲ್ಲ. ಗಣಿತದ ಮಾತು ಬಂದದ್ದು ನಾಲ್ಕು ದಿನ ಬಿಟ್ಟು, ಅದೂ ಟ್ಯೂಷನ್ ಬೇಕಾ ಎಂದು ಕೇಳಲು. ಈಗ ತುಮಕೂರಿನ ಕಾಲೇಜಿನಲ್ಲಿ ನಾಟಕದ ತಂಡದಲ್ಲಿದ್ದೇನೆ. ರಿಹರ್ಸಲ್ ತಡವಾದರೆ ಅಪ್ಪನ ಫೋನ್ ಬರುತ್ತದೆ, ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ.