ಮುಳ್ಳು ಚುಚ್ಚಿ ನೋಡಿದ ಮೆಚ್ನಿಕೋವ್

1869, ಸೇಂಟ್ ಪೀಟರ್ಸ್‌ಬರ್ಗ್. ಮದುಮಗಳು ಲುಡ್ಮಿಲಾಗೆ ಕ್ಷಯ. ನಡೆಯೋಕೂ ಆಗದ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತಂದರು. ಮದುಮಗ ಇಲ್ಯಾ ಮೆಚ್ನಿಕೋವ್. 1845ರಲ್ಲಿ ಖಾರ್ಕಿವ್ ಹತ್ತಿರ ಹುಟ್ಟಿ, ಅಲ್ಲಿನ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಕೋರ್ಸನ್ನು ಎರಡೇ ವರ್ಷಕ್ಕೆ ಮುಗಿಸಿದ ಆಸಾಮಿ. (ಬ್ಯಾಕ್‌ಲಾಗ್ ಇರುವವರು ಈ ಸಾಲು ಮರೆತುಬಿಡಿ.) ಹೆಂಡತಿಯನ್ನು ಬೆಚ್ಚಗಿನ ಊರುಗಳಿಗೆಲ್ಲ ಕರೆದೊಯ್ದ. ಉಪಯೋಗವಾಗಲಿಲ್ಲ. 1873ರಲ್ಲಿ ಮಡೀರಾ ದ್ವೀಪದಲ್ಲಿ ಅವಳು ತೀರಿಕೊಂಡಳು. ಆ ದುಃಖದಲ್ಲಿ ಆತ ಪ್ರಾಣ ಕಳೆದುಕೊಳ್ಳಲು ಹೊರಟು, ಪುಣ್ಯಕ್ಕೆ ಉಳಿದ.

ಎರಡು ವರ್ಷದ ನಂತರ ಓಲ್ಗಾಳನ್ನು ಮದುವೆಯಾದ. ಒಡೆಸ್ಸಾದಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆಗಿದ್ದವನು 1882ರಲ್ಲಿ ವಿಶ್ವವಿದ್ಯಾಲಯದ ರಾಜಕೀಯ ಸಾಕಾಗಿ ರಾಜೀನಾಮೆ ಬಿಸಾಕಿ ಇಟಲಿಯ ಮೆಸ್ಸಿನಾಕ್ಕೆ ಹೋದ. ಬಾಡಿಗೆ ಮನೆ, ಪಕ್ಕದಲ್ಲೇ ಸಮುದ್ರ, ಒಂದು ಮೈಕ್ರೋಸ್ಕೋಪ್.

ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಈತ ಒಬ್ಬನೇ ನಕ್ಷತ್ರಮೀನಿನ ಮರಿಗಳನ್ನು ನೋಡುತ್ತ ಕೂತಿದ್ದ. ಗಾಜಿನಂತೆ ಪಾರದರ್ಶಕ ಮರಿಗಳು, ಒಳಗೆ ಓಡಾಡುವ ಜೀವಕೋಶಗಳೂ ಕಾಣುತ್ತವೆ. ಇವು ಆಹಾರವನ್ನಷ್ಟೇ ಅಲ್ಲ, ಹೊರಗಿನಿಂದ ನುಗ್ಗಿದ್ದನ್ನೂ ನುಂಗಬಹುದಲ್ವಾ ಅನ್ನೋ ಯೋಚನೆ ಬಂತು. ಹಾಗಿದ್ದರೆ ಮುಳ್ಳು ಚುಚ್ಚಿದ ಜಾಗಕ್ಕೆ ಅವು ಬರಬೇಕು. ತೋಟಕ್ಕೆ ಹೋಗಿ ಗುಲಾಬಿ ಮುಳ್ಳು ತಂದು ಮರಿಗಳ ಮೈಗೆ ಚುಚ್ಚಿದ. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು!

ಇವಕ್ಕೆ ಫ್ಯಾಗೊಸೈಟ್, ಅಂದರೆ ತಿನ್ನುವ ಕೋಶ, ಎಂಬ ಹೆಸರಾಯಿತು. ಆಗಿನ ವೈದ್ಯರು ಒಪ್ಪಲಿಲ್ಲ. ಬಿಳಿ ರಕ್ತಕಣದೊಳಗೆ ಬ್ಯಾಕ್ಟೀರಿಯಾ ಕಂಡರೆ, ಆ ಕಣವೇ ರೋಗವನ್ನು ಮೈಯೆಲ್ಲ ಹೊತ್ತು ಹಂಚುತ್ತಿದೆ ಅಂದುಕೊಳ್ಳುತ್ತಿದ್ದ ಕಾಲ ಅದು. ಜರ್ಮನಿಯವರಂತೂ ರಕ್ಷಣೆಯೆಲ್ಲ ರಕ್ತದ ದ್ರವದ್ದೇ ಎಂದು ವಾದಿಸಿದರು. ಈತ 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿ ಇಪ್ಪತ್ತು ವರ್ಷ ಜಗಳ ಕಾದ. 1908ರ ನೊಬೆಲ್ಲನ್ನು ಈತನಿಗೂ ಎದುರು ಬಣದ ಪಾಲ್ ಎರ್ಲಿಕ್‌ಗೂ ಹಂಚಿದರು. ಇಬ್ಬರದೂ ಸರಿಯಿತ್ತು ಬಿಡಿ.

ನನಗೆ ಮುಳ್ಳಿಗಿಂತ ದೊಡ್ಡದಾಗಿ ಕಾಣೋದು ಗೊದಮೊಟ್ಟೆಯ ಬಾಲ. ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಎಲ್ಲಿಗೆ ಹೋಗುತ್ತೆ? ಅದರ ಸ್ನಾಯುಗಳನ್ನೂ ಇದೇ ಕೋಶಗಳು ತಿಂದು ಮುಗಿಸುತ್ತವೆ ಅಂತ ಮೆಚ್ನಿಕೋವ್ ತೋರಿಸಿದ. ಅಂದರೆ ಇವು ಬರೀ ಸೈನಿಕರಲ್ಲ, ಮನೆಯ ಕಸವನ್ನೂ ತೆಗೆಯುವವರು.

ಈ ಕೆಲಸದ ಬೆಲೆ ಚೆನ್ನಾಗಿ ಗೊತ್ತಾಗೋದು ಶ್ವಾಸಕೋಶದಲ್ಲಿ. ನಮ್ಮ ಗಾಳಿಗೂಡುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್. ನ್ಯುಮೋನಿಯಾ ಬಂದಾಗ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಅಲ್ಲಿಗೆ ನುಗ್ಗಿ, ಹೋರಾಡಿ, ಬೇಗನೇ ಸಾಯುತ್ತವೆ. ಹೆಣಗಳು ಅಲ್ಲೇ ಒಡೆದರೆ ಒಳಗಿನ ಕಿಣ್ವಗಳು ಸೋರಿ ಗಾಳಿಗೂಡಿನ ಗೋಡೆಯನ್ನೇ ಕರಗಿಸುತ್ತವೆ. ಹಾಗಾಗಬಾರದೆಂದು, ಸಾಯುವ ಕೋಶ ತನ್ನ ಪೊರೆಯ ಒಳಪದರದಲ್ಲಿರುವ ಫಾಸ್ಫಾಟಿಡೈಲ್‌ಸೆರಿನ್ ಎಂಬ ಕೊಬ್ಬನ್ನು ಹೊರಕ್ಕೆ ತಿರುಗಿಸುತ್ತೆ. ನನ್ನನ್ನು ಎತ್ತಿಬಿಡು ಅನ್ನೋ ಸಿಗ್ನಲ್ ಅದು. ಮ್ಯಾಕ್ರೊಫೇಜ್ (ಮೆಚ್ನಿಕೋವ್ ಇಟ್ಟ ಹೆಸರೇ) ಬಂದು ಇಡಿಯಾಗಿ ನುಂಗುತ್ತೆ. ನುಂಗಿದ ಮೇಲೆ ಅದರ ವರ್ತನೆಯೇ ಬದಲಾಗುತ್ತೆ: ಉರಿಯೂತ ತಗ್ಗಿಸುವ ರಾಸಾಯನಿಕಗಳನ್ನು ಬಿಡುತ್ತೆ. ಆಗ ಗೋಡೆಯಲ್ಲಿ ಉಳಿದ ಎರಡನೇ ಬಗೆಯ ಕೋಶಗಳು ವಿಭಜನೆಯಾಗಿ, ಚಪ್ಪಟೆಯಾಗಿ ಹರಡಿ, ತೂತು ಮುಚ್ಚುತ್ತವೆ. ಸಿಗರೇಟಿನ ಹೊಗೆಗೆ ಈ ಮ್ಯಾಕ್ರೊಫೇಜ್‌ಗಳ ನುಂಗುವ ಶಕ್ತಿ ಕುಗ್ಗುತ್ತೆ. ಗೇಟಿನಾಚೆ ಟೀ ಅಂಗಡಿ ಹತ್ತಿರ ನಿಲ್ಲುವವರಿಗೆ ಇದು ಗೊತ್ತಿರಲಿ.

ಈ ಸಿಗ್ನಲ್‌ಗಳ ಸಂಗತಿ ತಿಳಿದದ್ದು ಆತ ಸತ್ತು ಎಷ್ಟೋ ದಶಕಗಳ ಮೇಲೆ. ಲುಡ್ಮಿಲಾಳನ್ನು ಕೊಂದ ರೋಗಕ್ಕೂ ಇದೇ ಕೋಶಗಳಿಗೂ ನಂಟಿದೆ. ಕ್ಷಯದ ಬ್ಯಾಕ್ಟೀರಿಯಾವನ್ನು ಮ್ಯಾಕ್ರೊಫೇಜ್ ನುಂಗುತ್ತದೆ, ಆದರೆ ಎಷ್ಟೋ ಸಲ ಜೀರ್ಣಿಸಿಕೊಳ್ಳಲಾರದು. ನುಂಗಿದವನ ಹೊಟ್ಟೆಯಲ್ಲೇ ಅದು ಸಂಸಾರ ಹೂಡುತ್ತೆ.

ಆಯಸ್ಸು ಹೆಚ್ಚಲಿ ಎಂದು ದಿನಾ ಹುಳಿ ಹಾಲು ಕುಡಿಯುತ್ತಿದ್ದ ಮೆಚ್ನಿಕೋವ್, 1911ರಲ್ಲಿ, 66ರ ವಯಸ್ಸಿನಲ್ಲಿ, ರಷ್ಯಾದ ಕಲ್ಮಿಕ್ ಹುಲ್ಲುಗಾವಲಿಗೆ ಪ್ಯಾರಿಸ್ಸಿನಿಂದ ತಂಡ ಕಟ್ಟಿಕೊಂಡು ಹೋದ. ಅಲ್ಲಿನ ಅಲೆಮಾರಿಗಳಲ್ಲಿ ಕ್ಷಯ ಹೇಗೆ ಹರಡುತ್ತೆ ಅಂತ ನೋಡಲು. 1916ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಹೃದಯ ಸೋತು ತೀರಿಕೊಂಡ. ಚಿತಾಭಸ್ಮ ಪಾಶ್ಚರ್ ಸಂಸ್ಥೆಯ ಲೈಬ್ರರಿಯಲ್ಲಿದೆ.