ಆರೋನನೂ ಅವನ ಪರಿಶುದ್ಧ ವಸ್ತ್ರಗಳೂ

ಹಿಂದೆ ನಿಂತಿರೋರು ಮುಂದೆ ಬನ್ನಿ, ಇನ್ನೂ ಕುರ್ಚಿ ಇದೆ.

ದೇವದರ್ಶನದ ಗುಡಾರದ ಬಗ್ಗೆ ಕೆಲವು ವಾರಗಳಿಂದ ಧ್ಯಾನಿಸುತ್ತಿದ್ದೇವೆ. ಮಂಜೂಷ, ದೀಪಸ್ತಂಭ, ಧೂಪವೇದಿ ಎಲ್ಲ ನೋಡಿದೆವು. ಇವತ್ತು ಆ ಸಾಮಾನುಗಳ ಮಧ್ಯೆ ಓಡಾಡಿದ ಒಬ್ಬ ಮನುಷ್ಯನ ಜೀವನ ನೋಡೋಣ. ಯಾಕಂದ್ರೆ ಪ್ರತಿ ಕೊಂಡಿಗೂ ಪ್ರತಿ ಗೂಟಕ್ಕೂ ಒಂದೊಂದು ಆತ್ಮಿಕ ಅರ್ಥ ಹೇಳುವ ಪ್ರಸಂಗಗಳನ್ನು ನಾವೆಲ್ಲ ಕೇಳಿದ್ದೇವೆ. ನನಗೆ ಅಷ್ಟು ಧೈರ್ಯ ಇಲ್ಲ ಪ್ರಿಯರೇ. ಇಬ್ರಿಯರಿಗೆ ಪತ್ರಿಕೆ ಬರೆದವನೇ 9ನೇ ಅಧ್ಯಾಯದಲ್ಲಿ ಆ ವಸ್ತುಗಳ ಪಟ್ಟಿ ಕೊಟ್ಟು, ಒಂದೊಂದಾಗಿ ವಿವರಿಸೋಕೆ ಈಗ ಆಗಲ್ಲ ಅಂತ ಮುಂದೆ ಹೋಗಿಬಿಡುತ್ತಾನೆ. ಆದರೆ ಮಹಾಯಾಜಕನ ವಿಷಯ ಬಂದಾಗ ಮಾತ್ರ ಅವನು ಬಿಡುವುದೇ ಇಲ್ಲ, ಅಧ್ಯಾಯಗಟ್ಟಲೆ ಬರೆಯುತ್ತಾನೆ. ಹಾಗಾಗಿ ಇವತ್ತು ಆರೋನ.

ಆರೋನ ಲೇವಿ ಕುಲದವನು. ತಂದೆ ಅಮ್ರಾಮ, ತಾಯಿ ಯೋಕೆಬೆದ. ಮೋಶೆಗಿಂತ 3 ವರ್ಷ ದೊಡ್ಡವನು. ತಮ್ಮ ಅರಮನೆಯಲ್ಲಿ ಬೆಳೆದ, ಆಮೇಲೆ ಮಿದ್ಯಾನಿಗೆ ಓಡಿಹೋದ. ಅಣ್ಣ ಐಗುಪ್ತದಲ್ಲೇ, ಗುಲಾಮರ ಮಧ್ಯೆ ಉಳಿದ. ಫರೋಹನ ಮುಂದೆ ಇಬ್ಬರೂ ಹೋಗಿ ನಿಂತಾಗ ಮೋಶೆಗೆ 80, ಆರೋನನಿಗೆ 83. ಮಾತಾಡೋದು ಅವನಿಗೆ ಚೆನ್ನಾಗಿ ಬರ್ತಿತ್ತು; ಅದಕ್ಕೇ ದೇವರು ಅವನನ್ನು ಮೋಶೆಯ ಬಾಯಾಗಿ ಕೊಟ್ಟರು. ಅವನ ಹೆಂಡತಿ ಎಲೀಶೇಬ ಯೂದ ಕುಲದವಳು, ನಹಶೋನನ ತಂಗಿ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದ ವಂಶಾವಳಿಯನ್ನು ಓದದೆ ಹಾರಿಸಿಬಿಡ್ತೀವಲ್ಲ, ಅಲ್ಲಿ ಈ ನಹಶೋನನ ಹೆಸರಿದೆ. ನೆನಪಿಟ್ಟುಕೊಳ್ಳಿ.

ಈಗ ವಿಮೋಚನಕಾಂಡಕ್ಕೆ ಬನ್ನಿ. 28ನೇ ಅಧ್ಯಾಯವನ್ನೂ 32ನೇ ಅಧ್ಯಾಯವನ್ನೂ ನಾವು ಬೇರೆ ಬೇರೆ ದಿನ ಓದ್ತೀವಿ, ಆದ್ದರಿಂದ ಒಂದು ವಿಷಯ ಗೊತ್ತಾಗೋದೇ ಇಲ್ಲ. ಇವೆರಡೂ ಅದೇ 40 ದಿನಗಳಲ್ಲಿ ನಡೆದದ್ದು! ಸೀನಾಯಿ ಬೆಟ್ಟದ ಮೇಲೆ ದೇವರು ಮೋಶೆಗೆ ಆರೋನನ ಬಟ್ಟೆಯ ಬಗ್ಗೆ ಹೇಳುತ್ತಿದ್ದಾರೆ: ಯಾವ ಬಣ್ಣದ ನೂಲು, ಯಾವ ರತ್ನ, ಅಂಚಿನಲ್ಲಿ ಎಂಥ ಗೆಜ್ಜೆ ಅಂತ. ಅದೇ ದಿನಗಳಲ್ಲಿ ಕೆಳಗೆ ಅದೇ ಆರೋನ ಜನರ ಕಿವಿಯ ಓಲೆಗಳನ್ನು ಬಿಚ್ಚಿಸಿ, ಕರಗಿಸಿ, ಕರುವಿನ ರೂಪಕ್ಕೆ ತಂದು, ಅದರ ಮುಂದೆ ಯಜ್ಞವೇದಿಯನ್ನೂ ಕಟ್ಟಿದ. ನಾಳೆ ಯೆಹೋವನಿಗೆ ಹಬ್ಬ ಅಂತ ಸಾರಿಸಿದ. ಯೆಹೋವನ ಹೆಸರನ್ನೇ ಇಟ್ಟುಕೊಂಡು! ಮೋಶೆ ಇಳಿದು ಬಂದು ಕೇಳಿದಾಗ, ಚಿನ್ನ ಬೆಂಕಿಗೆ ಹಾಕಿದೆ, ಕರು ತಾನೇ ಹೊರಗೆ ಬಂತು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟ. ಮಾತಿನಲ್ಲಿ ಚುರುಕಾದವನು ಸಿಕ್ಕಿಬಿದ್ದರೆ ಹೀಗೇ. ಆ ದಿನ ಸುಮಾರು 3,000 ಜನ ಸತ್ತರು. ಆರೋನ ಸಾಯಲಿಲ್ಲ. ದೇವರು ಅವನನ್ನು ನಾಶಮಾಡುವಷ್ಟು ಕೋಪಗೊಂಡಿದ್ದರು, ಮೋಶೆ ಅವನಿಗೋಸ್ಕರ ಪ್ರಾರ್ಥಿಸಿದ ಅಂತ ಧರ್ಮೋಪದೇಶಕಾಂಡ 9ರಲ್ಲಿ ಗೊತ್ತಾಗುತ್ತೆ.

ದೇವರಿಗೆ ಕೆಳಗೆ ಏನು ನಡೀತಿದೆ ಅಂತ ಗೊತ್ತಿತ್ತು ತಾನೇ? ಮೋಶೆಗೆ ಹೇಳಿದ್ದೂ ಅವರೇ. ಆದರೂ ಬಟ್ಟೆಯ ಅಳತೆ ಬದಲಾಗಲಿಲ್ಲ. ಬೇರೆಯವನಿಗೆ ಹೊಲಿಯಿರಿ ಅನ್ನಲಿಲ್ಲ.

ಆ ಬಟ್ಟೆ ಹೇಗಿತ್ತು? ಚಿನ್ನವನ್ನು ತೆಳ್ಳಗೆ ತಗಡಾಗಿ ಬಡಿದು, ಎಳೆ ಎಳೆಯಾಗಿ ಕತ್ತರಿಸಿ, ನೀಲಿ, ನೇರಳೆ, ಕಡುಗೆಂಪು ದಾರದ ಜೊತೆ ಸೇರಿಸಿ ಏಫೋದನ್ನು ಮಾಡಿದರು. ಎರಡು ಹೆಗಲಿನ ಮೇಲೆ ಎರಡು ರತ್ನ, ಒಂದೊಂದರಲ್ಲಿ ಆರು ಕುಲಗಳ ಹೆಸರು ಕೆತ್ತಿದ್ದು. ಎದೆಯ ಮೇಲೆ ಒಂದು ಗೇಣು ಚೌಕದ ಪದಕ, ಅದರಲ್ಲಿ 4 ಸಾಲು, 12 ರತ್ನ, ಮತ್ತೆ ಅದೇ 12 ಹೆಸರು. ಹೆಗಲು ಭಾರ ಹೊರುವ ಜಾಗ, ಎದೆ ಪ್ರೀತಿಯ ಜಾಗ. ಕರುವಿನ ಸುತ್ತ ಕುಣಿದ ಜನರ ಹೆಸರುಗಳೇ ಅವು, ಒಂದನ್ನೂ ಅಳಿಸಿರಲಿಲ್ಲ.

ಹಣೆಯ ಮೇಲೆ ಚಿನ್ನದ ಪಟ್ಟ. ಇವನು ಯೆಹೋವನಿಗೆ ಪರಿಶುದ್ಧನು ಅನ್ನುವ ಅರ್ಥದ ಬರಹ ಅದರ ಮೇಲೆ. ಯೋಚನೆ ಮಾಡಿ, ಯಾರ ಹಣೆಯ ಮೇಲೆ! ಆ ಪಟ್ಟ ಯಾಕೆ ಅಂತಲೂ ದೇವರು ಹೇಳುತ್ತಾರೆ. ಜನರು ತರುವ ಪರಿಶುದ್ಧ ಕಾಣಿಕೆಗಳಲ್ಲೇ ದೋಷ ಇರುತ್ತೆ, ಆ ದೋಷವನ್ನು ಆರೋನ ಹೊರಬೇಕು, ಆಗ ಕಾಣಿಕೆ ಅಂಗೀಕಾರವಾಗುತ್ತೆ. ನಮ್ಮ ಪಾಪದಲ್ಲಿ ದೋಷ ಇರೋದು ನಮಗೆ ಗೊತ್ತು. ನಮ್ಮ ಆರಾಧನೆಯಲ್ಲೂ ಇದೆ! ಇವತ್ತು ಬೆಳಗ್ಗೆ ನಾವು ಕೈ ಎತ್ತಿ ಹಾಡಿದ್ದರಲ್ಲೂ, ನಾನು ಈಗ ಮಾಡುತ್ತಿರುವ ಪ್ರಸಂಗದಲ್ಲೂ ಇದೆ. ಅದನ್ನು ಹೊರುವವನು ಒಬ್ಬ ಬೇಕು.

ಯಾಜಕಕಾಂಡ 8ರಲ್ಲಿ ಆ ಬಟ್ಟೆ ತೊಡಿಸುವ ದಿನ. ಆರೋನ ತಾನಾಗಿ ಹಾಕಿಕೊಳ್ಳಲಿಲ್ಲ. ಮೋಶೆ ಅವನಿಗೆ ಸ್ನಾನಮಾಡಿಸಿ, ಒಂದೊಂದಾಗಿ ತೊಡಿಸಿ, ತಲೆಯ ಮೇಲೆ ಅಭಿಷೇಕತೈಲ ಹೊಯ್ದ. ಬಲಗಿವಿ, ಬಲಗೈ ಹೆಬ್ಬೆರಳು, ಬಲಗಾಲಿನ ಹೆಬ್ಬೆಟ್ಟಿಗೆ ರಕ್ತ ಹಚ್ಚಿದ. ಏಳು ದಿನ ಗುಡಾರದ ಬಾಗಿಲಲ್ಲೇ ಇರಬೇಕು. ಎಂಟನೇ ದಿನ ಕೆಲಸ ಶುರು. ತನ್ನ ಸ್ವಂತ ದೋಷಪರಿಹಾರಕ್ಕಾಗಿ ಆರೋನ ಮೊದಲು ತರಬೇಕಾದ ಪ್ರಾಣಿ ಯಾವುದು ಗೊತ್ತಾ? ಒಂದು ಹೋರಿಕರು. ಕರು! ಅವತ್ತು ಅದರ ಕುತ್ತಿಗೆಗೆ ಕೈ ಹಾಕಿದಾಗ ಅವನ ಮನಸ್ಸಿನಲ್ಲಿ ಏನಿತ್ತು ಅಂತ ಬೈಬಲ್ ಹೇಳುವುದಿಲ್ಲ, ನಾನೂ ಕಲ್ಪಿಸಿ ಹೇಳಲ್ಲ.

ತೈಲದ ವಿಷಯ ಬಂತು, ಒಂದು ಮಾತು. ಮೋಶೆಯ ಕಾಲದ ಅಳತೆಯಲ್ಲೇ ಮಾಡಿದ ಅಭಿಷೇಕತೈಲ ಆನ್‌ಲೈನಲ್ಲಿ ಸಿಗುತ್ತೆ ಬ್ರದರ್, ತರಿಸಲಾ ಅಂತ ಯೌವನಸ್ಥರು ನನ್ನನ್ನು ಕೇಳ್ತಾರೆ. ವಿಮೋಚನಕಾಂಡ 30 ಪೂರ್ತಿ ಓದಿ. ರಕ್ತಬೋಳ, ದಾಲ್ಚಿನ್ನಿ, ಎಣ್ಣೆ ಎಷ್ಟೆಷ್ಟು ಅಂತ ಹೇಳಿದ ಮೇಲೆ, ಅದೇ ತರಹದ್ದನ್ನು ನಿಮಗಾಗಿ ಮಾಡಿಕೊಳ್ಳಬೇಡಿ ಅಂತ ದೇವರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲು ಯಾಕೋಬನ ಪತ್ರಿಕೆ ಹೇಳುತ್ತೆ, ನಾವೂ ಮಾಡ್ತೀವಿ. ಅಡುಗೆಮನೆಯ ಎಣ್ಣೆ ಸಾಕು.

ಆ ಎಂಟನೇ ದಿನದ ಸಂತೋಷ ಮುಗಿಯುವ ಮೊದಲೇ ಆರೋನನ ದೊಡ್ಡ ಮಕ್ಕಳು ನಾದಾಬ, ಅಬೀಹು ಇಬ್ಬರೂ ಧೂಪಾರತಿಗಳಲ್ಲಿ ದೇವರು ಆಜ್ಞಾಪಿಸದ ಬೆಂಕಿ ತಂದರು. ದೇವರ ಸನ್ನಿಧಿಯಿಂದ ಬೆಂಕಿ ಹೊರಟು ಇಬ್ಬರೂ ಅಲ್ಲೇ ಸತ್ತರು. ಚಿಕ್ಕಪ್ಪನ ಮಕ್ಕಳು ಬಂದು ಅವರನ್ನು ಅವರ ನಿಲುವಂಗಿಗಳಲ್ಲೇ ಎತ್ತಿಕೊಂಡು ಹೋದರು. ಆರೋನ ಬಟ್ಟೆ ಹರಿದುಕೊಳ್ಳುವ ಹಾಗಿಲ್ಲ, ತಲೆ ಕೆದರಿಕೊಳ್ಳುವ ಹಾಗಿಲ್ಲ, ಬಾಗಿಲು ದಾಟಿ ಹೋಗುವ ಹಾಗಿಲ್ಲ. ಮೈಮೇಲೆ ಅಭಿಷೇಕತೈಲ ಇದೆ. ಅಷ್ಟು ಮಾತಾಡುವ ಮನುಷ್ಯ ಅವತ್ತು ಸುಮ್ಮನಿದ್ದ. ನಾನು ಈ ಭಾಗಕ್ಕೆ ಸುಲಭದ ವಿವರಣೆ ಕೊಡಲ್ಲ. ಆ ಬಟ್ಟೆ ಹಗುರವಾಗಿರಲಿಲ್ಲ, ಅಷ್ಟೇ ಹೇಳ್ತೀನಿ.

ಅದಾದ ಮೇಲೆ ದೋಷಪರಿಹಾರಕ ದಿನದ ನಿಯಮ ಬಂತು, ಯಾಜಕಕಾಂಡ 16. ವರ್ಷಕ್ಕೆ ಒಂದೇ ದಿನ ತೆರೆಯ ಒಳಗೆ, ಕೃಪಾಸನದ ಮುಂದೆ. ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟುತ್ತಿದ್ದರು, ಗೆಜ್ಜೆ ಸದ್ದು ನಿಂತರೆ ಎಳೆಯುತ್ತಿದ್ದರು ಅನ್ನುವ ಕಥೆ ನೀವು ಕೇಳಿರ್ತೀರಿ. ಬೈಬಲಿನಲ್ಲಿ ಅದು ಎಲ್ಲೂ ಇಲ್ಲ. ಅದಕ್ಕಿಂತ ದೊಡ್ಡ ವಿಷಯ, ಒಳಗೆ ಹೋಗುವಾಗ ಗೆಜ್ಜೆಯ ಅಂಗಿಯೇ ಮೈಮೇಲೆ ಇರುತ್ತಿರಲಿಲ್ಲ! ಚಿನ್ನ, ಪದಕ, ರತ್ನ ಯಾವುದೂ ಇಲ್ಲ. ಸ್ನಾನಮಾಡಿ ಬರೀ ನಾರಿನ ಬಟ್ಟೆ ಹಾಕಿಕೊಂಡು ಹೋಗಬೇಕು. ಜನರ ಮುಂದೆ ವೈಭವದ ವಸ್ತ್ರ, ದೇವರ ಮುಂದೆ ಸಾದಾ ಬಿಳಿ ಬಟ್ಟೆ. ಕೈಯಲ್ಲಿ ರಕ್ತ. ಮೊದಲು ತನಗೋಸ್ಕರ, ಆಮೇಲೆ ಜನರಿಗೋಸ್ಕರ.

ಕೋರಹನ ದಂಗೆ ನಿಮಗೆ ಗೊತ್ತು. ಆರೋನನೇ ಯಾಕೆ, ನಾವು ಯಾಕಲ್ಲ ಅನ್ನುವ ಜಗಳ. ಧೂಪಾರತಿ ಹಿಡಿದು ನಿಂತ 250 ಜನ ಬೆಂಕಿಗೆ ಆಹುತಿಯಾದರು. ಮಾರನೇ ದಿನ ಜನರು ಮತ್ತೆ ಗುಣುಗುಟ್ಟಿದಾಗ ವ್ಯಾಧಿ ಶುರುವಾಯಿತು. ಮೋಶೆ ಆರೋನನಿಗೆ ಧೂಪಾರತಿ ತಗೊಂಡು ಬೇಗ ಹೋಗು ಅಂದ. ಧೂಪಾರತಿ! ಮಕ್ಕಳು ಸತ್ತದ್ದು ಧೂಪಾರತಿ ಹಿಡಿದು, ನಿನ್ನೆ ಸತ್ತ 250 ಜನರ ಕೈಯಲ್ಲಿದ್ದದ್ದೂ ಅದೇ. ಈಗ ತನ್ನನ್ನೇ ಬೈಯುತ್ತಿರುವ ಜನರಿಗಾಗಿ ಅದನ್ನೇ ಹಿಡಿಯಬೇಕು. 83 ದಾಟಿದ ಆ ಮುದುಕ ಓಡಿದ. ಅರಣ್ಯಕಾಂಡ 16ರಲ್ಲಿ ಓಡಿದ ಅಂತಲೇ ಬರೆದಿದೆ. ಸತ್ತವರಿಗೂ ಬದುಕಿರುವವರಿಗೂ ನಡುವೆ ಹೋಗಿ ನಿಂತ, ವ್ಯಾಧಿ ಅಲ್ಲೇ ನಿಂತಿತು. ಅಷ್ಟರಲ್ಲಿ 14,700 ಜನ ಸತ್ತಿದ್ದರು. ಆರೋನನ ಇಡೀ ಜೀವನದಲ್ಲಿ ನನಗೆ ಬಹಳ ಇಷ್ಟವಾದ ಗಳಿಗೆ ಇದು. ಕರುವಿನ ದಿನ ಜನರ ಹಿಂದೆ ಹೋದವನು ಇವತ್ತು ಜನರ ಮುಂದೆ ನಿಂತಿದ್ದಾನೆ.

ಆಮೇಲೆ 12 ಕೋಲುಗಳನ್ನು ಗುಡಾರದಲ್ಲಿ ಇಟ್ಟರು. ಬೆಳಗಾಗುವಷ್ಟರಲ್ಲಿ ಆರೋನನ ಹೆಸರಿನ ಕೋಲು ಚಿಗುರಿ, ಹೂ ಬಿಟ್ಟು, ಬಾದಾಮಿ ಕಾಯಿ ಹಿಡಿದಿತ್ತು. ಒಣಕೋಲಿಗೆ ಜೀವ ಬಂದದ್ದು ರಾತ್ರಿ, ಯಾರೂ ನೋಡದಾಗ. ಭಾನುವಾರ ಮುಂಜಾನೆ ಖಾಲಿಯಾಗಿದ್ದ ಒಂದು ಸಮಾಧಿ ನಿಮಗೆ ನೆನಪಾದರೆ ನನಗೆ ಸಂತೋಷ. ಆದರೆ ಆ ಕೋಲು ಈಗ ಎಲ್ಲಿದೆ? ಸೊಲೊಮೋನನ ಕಾಲಕ್ಕೆ ಮಂಜೂಷದಲ್ಲಿ ಎರಡು ಕಲ್ಲಿನ ಹಲಿಗೆ ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಬಾಬೆಲಿನವರು ದೇವಾಲಯ ಸುಟ್ಟರು, ಅಲ್ಲಿಂದ ಮುಂದೆ ಮಂಜೂಷದ ಸುದ್ದಿಯೂ ಇಲ್ಲ.

ಕೊನೆಗೆ ಹೋರ್ ಬೆಟ್ಟ. ಐಗುಪ್ತ ಬಿಟ್ಟ 40ನೇ ವರ್ಷ, ಐದನೇ ತಿಂಗಳ ಮೊದಲ ದಿನ. ಆರೋನನಿಗೆ 123 ವರ್ಷ. ಅಕ್ಕ ಮಿರ್ಯಾಮ ಕಾದೇಶಿನಲ್ಲಿ ಆಗಲೇ ತೀರಿಕೊಂಡಿದ್ದಳು. ಮೆರೀಬದ ನೀರಿನ ಹತ್ತಿರ ಆದ ಅವಿಧೇಯತೆಯಿಂದ ಅವನೂ ವಾಗ್ದಾನದ ದೇಶಕ್ಕೆ ಹೋಗುವ ಹಾಗಿರಲಿಲ್ಲ. ಜನರೆಲ್ಲ ನೋಡುತ್ತಿದ್ದ ಹಾಗೆ ಮೋಶೆ, ಆರೋನ, ಮಗ ಎಲ್ಲಾಜಾರ ಮೂವರು ಹತ್ತಿದರು. ಮೇಲೆ ಮೋಶೆ, ತಾನೇ ತೊಡಿಸಿದ ಆ ಬಟ್ಟೆಯನ್ನು ಅಣ್ಣನ ಮೈಮೇಲಿಂದ ತೆಗೆದು ಎಲ್ಲಾಜಾರನಿಗೆ ತೊಡಿಸಿದ. ಕಂಪನಿ ಬಿಡುವ ದಿನ ಐಡಿ ಕಾರ್ಡ್ ವಾಪಸ್ ಕೊಟ್ಟು ಬರ್ತೀವಲ್ಲ, ಹಾಗೆ. ಹೆಗಲ ಮೇಲಿನ ಹೆಸರು, ಎದೆಯ ಹೆಸರು, ಹಣೆಯ ಪಟ್ಟ ಎಲ್ಲ ಮಗನಿಗೆ ಹೋಯಿತು. ಆರೋನ ಅಲ್ಲೇ ಸತ್ತ. ಹತ್ತಿದವರು ಮೂವರು, ಇಳಿದವರು ಇಬ್ಬರು. ಇಸ್ರಾಯೇಲ್ಯರು 30 ದಿನ ಅತ್ತರು. ಎಲ್ಲಾಜಾರನೂ ಒಂದು ದಿನ ಸತ್ತ, ಬಟ್ಟೆ ಇನ್ನೊಬ್ಬನಿಗೆ ಹೋಯಿತು. ಇಬ್ರಿಯ 7ರಲ್ಲಿ ಬರೆದವನು ಇದನ್ನೇ ಹಿಡಿದುಕೊಳ್ಳುತ್ತಾನೆ: ಯಾಜಕರು ಅಷ್ಟೊಂದು ಜನ ಆಗಬೇಕಾಯಿತು, ಯಾಕಂದ್ರೆ ಮರಣ ಯಾರನ್ನೂ ಉಳಿಯಲು ಬಿಡಲಿಲ್ಲ.

ಯೇಸುವನ್ನು ನೋಡಿ. ಲೇವಿ ಕುಲದವರಲ್ಲ, ನಹಶೋನನ ವಂಶ, ಯೂದ ಕುಲ. ಆ ಏಫೋದನ್ನು ಅವರು ಯಾವತ್ತೂ ತೊಡಲಿಲ್ಲ. ಇನ್ನೊಂದು ಬೆಟ್ಟದ ಮೇಲೆ, ಎಲ್ಲರೂ ನೋಡುತ್ತಿದ್ದ ಹಾಗೆ, ಅವರ ಮೈಮೇಲಿಂದಲೂ ಬಟ್ಟೆ ತೆಗೆದರು. ಸೈನಿಕರು ನಾಲ್ಕು ಪಾಲು ಮಾಡಿದರು, ಹೊಲಿಗೆಯಿಲ್ಲದ ಅಂಗಿಗೆ ಚೀಟು ಹಾಕಿದರು. ಆದರೆ ಯಾಜಕತ್ವ ಆ ಬಟ್ಟೆಯ ಜೊತೆ ಹೋಗಲಿಲ್ಲ. ಮೂರನೇ ದಿನ ಎದ್ದವರು ಇವತ್ತಿಗೂ ಯಾಜಕರೇ. ನಿಮ್ಮ ಹೆಸರು ರತ್ನದ ಮೇಲಿಲ್ಲ, ಮೊಳೆ ಬಡಿದ ಕೈಯ ಹತ್ತಿರ ಇದೆ.

ನಿಮ್ಮಲ್ಲಿ ಒಬ್ಬಿಬ್ಬರು ವರ್ಶಿಪ್ ಟೀಮ್ ಬಿಟ್ಟಿದ್ದೀರಿ. ಕಾರಣ ನನಗೆ ಹೇಳಿಲ್ಲ, ನಾನು ಕೇಳುವುದೂ ಇಲ್ಲ. ಚಿನ್ನದ ಕರುವಿನಂಥದ್ದು ಏನೋ ನಡೆದಿದೆ, ಇನ್ನು ನಾನು ಸ್ಟೇಜ್ ಹತ್ತಬಾರದು ಅಂತ ನೀವೇ ತೀರ್ಪು ಬರೆದುಕೊಂಡಿದ್ದೀರಿ. ಮುಚ್ಚಿಡಬೇಡಿ, ಆರೋನನ ಹಾಗೆ ಬೆಂಕಿಯ ಮೇಲೆ ತಪ್ಪು ಹಾಕಬೇಡಿ. ಆದರೆ ನಿಮಗೋಸ್ಕರ ಬೆಟ್ಟದ ಮೇಲೆ ಹೊಲಿಗೆ ನಿಂತಿಲ್ಲ.

ಎಲ್ಲರೂ ಎದ್ದು ನಿಲ್ಲೋಣ. ಕೀಬೋರ್ಡ್ ಸ್ವಲ್ಪ ಮೆಲ್ಲಗೆ. ಪ್ರಾರ್ಥನೆ ಬೇಕಾದವರು ಮುಂದೆ ಬನ್ನಿ, ಹಿರಿಯ ಅಕ್ಕಂದಿರು ತಂಗಿಯರ ಜೊತೆ ನಿಂತುಕೊಳ್ಳಲಿ. ಕಣ್ಣು ಮುಚ್ಚಿ ಪ್ರಾರ್ಥಿಸೋಣ.